ನಿಂತ ನೀರು, ನೆಲದ ನೀರು

ಸುರಪುರದ ಚರಿತ್ರೆ ಹೇಳಲು ಕೂತವರು ವಾಗಣಗೇರಾ ಕೋಟೆಯಿಂದ ಶುರು ಮಾಡುತ್ತಾರೆ. 1705ರಲ್ಲಿ ಔರಂಗಜೇಬನ ದಂಡನ್ನು ಬೇಡರು ತಡೆದು ನಿಲ್ಲಿಸಿದ್ದು, ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಕಟ್ಟಿಸಿದ ಮಂಜಿಲ್, 1858ರಲ್ಲಿ ರಾಜಾ ವೆಂಕಟಪ್ಪ ನಾಯಕರ ಬಂಡಾಯ. ರಂಗಂಪೇಟೆಯಲ್ಲಿ ಹುಟ್ಟಿದ ನನಗೂ ಈ ಕತೆಗಳೆಂದರೆ ಎದೆಯುಬ್ಬುತ್ತದೆ. ಆದರೆ ನನ್ನ ನೌಕರಿಯೆಲ್ಲ ಅಂತರ್ಜಲದ ಕೆಲಸದಲ್ಲಿ ಕಳೆಯಿತು. ಹಳೆಯ ಗುಲ್ಬರ್ಗಾ ಜಿಲ್ಲೆಯ ಊರೂರು ತಿರುಗಿ ಬಾವಿಗಳಲ್ಲಿ ನೀರಿನ ಮಟ್ಟ ಅಳೆಯುವುದು, ಬಾಟಲಿಯಲ್ಲಿ ನೀರು ತುಂಬಿ ಪ್ರಯೋಗಾಲಯಕ್ಕೆ ಕಳಿಸುವುದು ನನ್ನ ಕೆಲಸ. ಹೀಗಾಗಿ ನನಗೆ ಈ ಸೀಮೆಯ ಚರಿತ್ರೆ ಬಾವಿಯ ಕಡೆಯಿಂದಲೇ ಕಾಣುತ್ತದೆ. ಇಲ್ಲಿ ನೀರನ್ನು ಯಾರು, ಎಲ್ಲಿಂದ, ಹೇಗೆ ತೆಗೆದರು ಎಂಬುದರ ಮೇಲೆ ಎರಡು ತಲೆಮಾರಿನ ಜನರ ಆರೋಗ್ಯ ನಿಂತಿತ್ತು. ಅದನ್ನು ಯಾರಾದರೂ ಬರೆದಿಡಬೇಕು.

ಮೊದಲು ನೆಲದ ಮಾತು. ಯಾದಗಿರಿ, ಶಹಾಪುರ, ಸುರಪುರ ಮೂರೂ ಬಹುಮಟ್ಟಿಗೆ ಗಟ್ಟಿ ಕಲ್ಲಿನ ಮೇಲೆ ಕೂತ ಊರುಗಳು. ಶಹಾಪುರದ ಮಲಗಿದ ಬುದ್ಧನ ಗುಡ್ಡ ನೋಡಿದವರಿಗೆ ಕಲ್ಲಿನ ವಿಚಾರ ಬಿಡಿಸಿ ಹೇಳಬೇಕಾಗಿಲ್ಲ. ಗ್ರಾನೈಟು, ನೈಸು, ಭೀಮಾ ದಂಡೆಯತ್ತ ಹೋದರೆ ಸುಣ್ಣಕಲ್ಲು, ಸುರಪುರದ ದಕ್ಷಿಣಕ್ಕೆ ಬಂಗಾರ ಹೊತ್ತ ಹಸಿರುಗಲ್ಲಿನ ಪಟ್ಟಿ. ಮರಳುನೆಲದಲ್ಲಿ ನೀರು ಎಲ್ಲ ಕಡೆಯೂ ಹರಡಿಕೊಂಡಿರುತ್ತದೆ. ನಮ್ಮ ಕಲ್ಲಿನಲ್ಲಿ ಅದು ಬಿರುಕು ಹಿಡಿದು ಓಡುತ್ತದೆ. ಒಂದು ಬಾವಿ ಸಿಹಿ, ಹತ್ತು ಮಾರು ಆಚೆಗಿನದು ಸವುಳು ಎಂಬುದು ಇಲ್ಲಿ ದಿನದ ಮಾತು. ಒಂದು ಬಾವಿಯ ನೀರು ನೋಡಿ ಊರಿನ ನೀರು ಹೀಗೇ ಎಂದು ಹೇಳುವ ಹಾಗಿಲ್ಲ. ಈ ಒಂದು ಸಂಗತಿಯನ್ನು ಮರೆತರೆ ಮುಂದೆ ಹೇಳುವುದು ಯಾವುದೂ ಅರ್ಥವಾಗುವುದಿಲ್ಲ.

ಈ ಕಲ್ಲಿನಲ್ಲಿ ನೀರು ಹಿಡಿಯುವುದನ್ನು ಹಿಂದಿನವರು ಚೆನ್ನಾಗಿ ಬಲ್ಲವರಾಗಿದ್ದರು. ಯಾದಗಿರಿ ಕೋಟೆಯ ಮೇಲೆ ಹತ್ತಿದರೆ ಬಂಡೆಯ ನಡುವೆ ಅಕ್ಕ-ತಂಗಿ ಬಾವಿ ಸಿಗುತ್ತದೆ. ಬೋನಾಳದ ಕೆರೆಯನ್ನು ಸುರಪುರದ ಅರಸರು ಕಟ್ಟಿಸಿದರು, ಮುಂದೆ ಟೇಲರ್ ಅದನ್ನು ದೊಡ್ಡದು ಮಾಡಿಸಿದ. ಅದೀಗ ಪಕ್ಷಿಧಾಮ. ಊರೊಳಗೆ, ಹೊಲದಲ್ಲಿ, ಗುಡಿಯ ಮಗ್ಗುಲಲ್ಲಿ ಪಾವಟಿಗೆ ಬಾವಿಗಳಿದ್ದವು. ಕಲ್ಲಿನ ಮೆಟ್ಟಿಲು ಇಳಿದು, ನೀರಿನಲ್ಲಿ ಮೊಳಕಾಲುದ್ದ ನಿಂತು, ಕೊಡ ಮುಳುಗಿಸಿ ತುಂಬಿಕೊಂಡು ಬರುವುದು.

ಆ ಮೊಳಕಾಲುದ್ದದ ನೀರಿನಲ್ಲೇ ರೋಗವಿತ್ತು.

ನಾರುಹುಣ್ಣನ್ನು ಇಂದಿನ ಹುಡುಗರು ಕಂಡಿಲ್ಲ, ಕಾಣದಿರುವುದೇ ಒಳ್ಳೆಯದು. ನನ್ನ ತಾಯಿಯ ತವರಿನಲ್ಲಿ ಅದು ಇಲ್ಲದ ಮನೆ ಇರಲಿಲ್ಲ. ಕಾಲಿನಲ್ಲಿ ಬೊಬ್ಬೆ ಎದ್ದು ಒಡೆದು, ಅದರೊಳಗಿಂದ ಬಿಳಿಯ ದಾರದಂಥ ಹುಳು ಹೊರಗೆ ಇಣುಕುತ್ತದೆ. ಉದ್ದ ಮೂರು ಅಡಿಯವರೆಗೂ ಇರಬಹುದು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಇಷ್ಟಿಷ್ಟೇ ಎಳೆಯಬೇಕು. ಹರಿದರೆ ಕಾಲು ಬಾತು ಕೀವು ತುಂಬುತ್ತದೆ. ಬಿತ್ತುವ ಹೊತ್ತಿಗೆ ಸರಿಯಾಗಿ ಒಕ್ಕಲಿಗ ಹಾಸಿಗೆ ಹಿಡಿಯುತ್ತಿದ್ದ. ಹುಣ್ಣಾದವನು ಉರಿ ತಾಳದೆ ಬಾವಿಯ ಮೆಟ್ಟಿಲಿಳಿದು ಕಾಲು ನೀರಿಗಿಟ್ಟರೆ ಹುಳು ಅಲ್ಲಿ ಸಾವಿರಗಟ್ಟಲೆ ಮರಿ ಬಿಡುತ್ತದೆ. ಕಣ್ಣಿಟ್ಟು ನೋಡಿದರೆ ಮಾತ್ರ ಕಾಣುವ ನೀರಿನ ಸಣ್ಣ ಜೀವಿ ಸೈಕ್ಲಾಪ್ಸ್ ಆ ಮರಿಗಳನ್ನು ನುಂಗುತ್ತದೆ. ಆ ನೀರು ಕುಡಿದವನ ಮೈಯಲ್ಲಿ ಸುಮಾರು ಒಂದು ವರ್ಷಕ್ಕೆ ಮತ್ತೆ ಹುಳು. ಬಾವಿಯ ನೆಲದ ನೀರಿನಲ್ಲಿ ದೋಷವಿರಲಿಲ್ಲ. ಅದನ್ನು ತೆಗೆದುಕೊಳ್ಳುವ ರೀತಿಯಲ್ಲಿತ್ತು.

ನಿಜಾಮರ ಸರಕಾರದಲ್ಲಿ ಬಾವಿ ತೋಡಿಸುವುದಕ್ಕೆಂದೇ ಒಂದು ಇಲಾಖೆ ಇತ್ತು. ಹೈದರಾಬಾದಿನ ಭೂವಿಜ್ಞಾನಿ ಲಿಯೊನಾರ್ಡ್ ಮನ್ 1930ರ ದಶಕದಲ್ಲಿ ರಾಯಚೂರು ಸೀಮೆಯ ಅಂತರ್ಜಲದ ಮೇಲೆ, ಅಲ್ಲಿನ ಪ್ರಾಚೀನ ಬಂಗಾರದ ಗಣಿಗಳ ಮೇಲೆ ಕೆಲಸ ಮಾಡಿದ. ಒಬ್ಬನೇ ಮನುಷ್ಯ ಬಾವಿಯನ್ನೂ ಗಣಿಯನ್ನೂ ನೋಡಿದ್ದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಈ ನೆಲದಲ್ಲಿ ಅವೆರಡೂ ಬೇರೆ ಬೇರೆ ಅಲ್ಲವೆಂಬುದು ನಮಗೆ ಗೊತ್ತಾಗಲು ಇನ್ನೂ ಎಪ್ಪತ್ತು ವರ್ಷ ಬೇಕಾಯಿತು.

ಸ್ವಾತಂತ್ರ್ಯ ಬಂದ ಮೇಲೆ, 1983-84ರಲ್ಲಿ ದೇಶದ ಮಟ್ಟದಲ್ಲಿ ನಾರುಹುಣ್ಣಿನ ನಿರ್ಮೂಲನೆಯ ಕಾರ್ಯಕ್ರಮ ಶುರುವಾಯಿತು. ಪಾವಟಿಗೆ ಮುಚ್ಚಿ, ಕಟ್ಟೆ ಕಟ್ಟಿ, ಗಡಗಡಿ ಹಾಕಿ ಅವನ್ನು ಸೇದುವ ಬಾವಿ ಮಾಡಿದರು. ನೀರಿಗೆ ಔಷಧ ಹಾಕಿದರು. ಅರಿವೆಯಲ್ಲಿ ಸೋಸಿ ಕುಡಿಯಲು ಮನೆಮನೆಗೆ ಹೇಳಿದರು. 1996ರಲ್ಲಿ ರಾಜಸ್ಥಾನದಲ್ಲಿ ಕಂಡದ್ದೇ ದೇಶದ ಕೊನೆಯ ನಾರುಹುಣ್ಣು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತ ಅದರಿಂದ ಮುಕ್ತ ಎಂದು ಸಾರಿತು. ಈ ಗೆಲುವನ್ನು ನಮ್ಮ ಸೀಮೆ ಹಬ್ಬ ಮಾಡಿ ನೆನೆಯಬೇಕಿತ್ತು. ಒಂದು ಕಲ್ಲೂ ನಿಲ್ಲಿಸಲಿಲ್ಲ.

ಈ ಕಾರ್ಯಕ್ರಮಕ್ಕೂ ಮುಂಚೆಯೇ ಬೋರಿಂಗ್ ಬಂದಿತ್ತು. 1972ರ ಬರ ನೆನೆದರೆ ನಮ್ಮ ಕಡೆಯ ಹಿರಿಯರು ಇಂದಿಗೂ ದನಿ ತಗ್ಗಿಸುತ್ತಾರೆ. ತೆರೆದ ಬಾವಿಗಳು ತಳ ಕಂಡಾಗ ಗಟ್ಟಿ ಕಲ್ಲು ಕೊರೆಯುವ ಯಂತ್ರ ಬಂದು ಇನ್ನೂರು ಅಡಿ ಕೆಳಗಿನ ಬಿರುಕಿನಿಂದ ನೀರೆತ್ತಿತು. ಪಕ್ಕದ ಸೊಲ್ಲಾಪುರದಲ್ಲಿ ಮೂಡಿದ ಕೈಪಂಪಿನ ಮಾದರಿಯನ್ನೇ ತಿದ್ದಿ, 1970ರ ದಶಕದ ಕೊನೆಗೆ ‘ಇಂಡಿಯಾ ಮಾರ್ಕ್ 2’ ಮಾಡಿದರು. ಊರ ಮುಂದೆ, ಓಣಿಗೊಂದು, ತಾಂಡಾಕ್ಕೊಂದು ಬೋರಿಂಗ್. ಕಾಲು ನೀರಿಗೆ ತಾಕುವ ಪ್ರಶ್ನೆಯೇ ಇಲ್ಲ. ನೀರು ತಿಳಿ, ತಣ್ಣಗೆ, ಹುಳವಿಲ್ಲ. ಇದಕ್ಕಿಂತ ಒಳ್ಳೆಯ ನೀರು ಉಂಟೇ ಎಂದು ಎಲ್ಲರೂ ನಂಬಿದೆವು. ನಂಬಲು ಕಾರಣವೂ ಇತ್ತು.

ನನ್ನ ಕೆಲಸ ಶುರುವಾಗುವುದು ಇಲ್ಲಿಂದ. ಕೇಂದ್ರ ಅಂತರ್ಜಲ ಮಂಡಳಿ 1970ರಲ್ಲಿ ರೂಪುಗೊಂಡಿತು. ಅದರ ಆಸುಪಾಸಿನಲ್ಲೇ ದೇಶದ ತುಂಬ ವೀಕ್ಷಣಾ ಬಾವಿಗಳ ಜಾಲ ಹಬ್ಬಿತು. ಜನವರಿ, ಮೇ, ಆಗಸ್ಟ್, ನವೆಂಬರ್, ಹೀಗೆ ವರ್ಷಕ್ಕೆ ನಾಲ್ಕು ಸಲ ಅದೇ ಬಾವಿ, ಅದೇ ಗುರುತಿನ ಕಲ್ಲು, ನೀರು ಎಷ್ಟು ಕೆಳಗಿದೆ ಎಂದು ಅಳೆಯಬೇಕು. ರಾಜ್ಯದ ಅಂತರ್ಜಲ ಶಾಖೆಗೂ ಅದರದೇ ಬಾವಿಗಳಿದ್ದವು. ಮೊದಲೆಲ್ಲ ಊರವರು ಬಳಸುವ ತೆರೆದ ಬಾವಿಗಳೇ. 1995ರ ನಂತರ ವಿಶ್ವಬ್ಯಾಂಕಿನ ನೆರವಿನ ಜಲವಿಜ್ಞಾನ ಯೋಜನೆಯಲ್ಲಿ ಅಳತೆಗೆಂದೇ ಕೊರೆದ ಪೀಜೋಮೀಟರ್ ಕೊಳವೆಗಳು ಬಂದವು. ಕೆಲವಕ್ಕೆ ತಾವೇ ಮಟ್ಟ ಬರೆದುಕೊಳ್ಳುವ ಯಂತ್ರವನ್ನೂ ಇಳಿಬಿಟ್ಟರು.

ಮಟ್ಟ ಅಳೆಯುವುದು ಸರಳ. ಸ್ಟೀಲ್ ಟೇಪಿನ ತುದಿಗೆ ಸೀಮೆಸುಣ್ಣ ಬಳಿದು ಇಳಿಬಿಟ್ಟರೆ ತೊಯ್ದ ಗುರುತು ಲೆಕ್ಕ ಹೇಳುತ್ತದೆ. ಬಾವಿಕಟ್ಟೆಯ ಎತ್ತರ ಕಳೆಯಲು ಮರೆಯಬಾರದು, ಅಷ್ಟೇ. ನೀರು ತುಂಬಿಕೊಳ್ಳುವುದು ಬೇರೆಯೇ ವಿದ್ಯೆ. ಸಾಮಾನ್ಯವಾಗಿ ಮಳೆಗಾಲಕ್ಕೆ ಮುಂಚೆ, ಮೇ ತಿಂಗಳಲ್ಲಿ. ಯಾದಗಿರಿಯ ಮೇ ತಿಂಗಳು ಕಂಡವರಿಗೆ ಗೊತ್ತು, ನೆರಳಿನಲ್ಲಿಟ್ಟ ಬಾಟಲಿಯೂ ಬಿಸಿಯಾಗುತ್ತದೆ.

ಕೊಳವೆಯೊಳಗೆ ತಿಂಗಳುಗಟ್ಟಲೆ ನಿಂತ ನೀರು ನೆಲದ ನೀರಲ್ಲ. ಕಲ್ಲಿನ ಬಿರುಕಿನಲ್ಲಿ ಒತ್ತಡದಲ್ಲಿದ್ದ ನೀರು ಕೊಳವೆಗೆ ಬಂದು ಗಾಳಿ ಕಂಡಿತೆಂದರೆ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ, ಪಿಎಚ್ ಏರುತ್ತದೆ, ಸುಣ್ಣ ತಳಕ್ಕೆ ಕೂಡುತ್ತದೆ. ಕಬ್ಬಿಣ ತುಕ್ಕಾಗಿ ಕೆಂಪಗೆ ಇಳಿಯುತ್ತದೆ. ಆ ನೀರು ತುಂಬಿ ಕಳಿಸಿದರೆ ಪ್ರಯೋಗಾಲಯದವರು ಎಷ್ಟೇ ನಿಷ್ಠೆಯಿಂದ ಪರೀಕ್ಷಿಸಲಿ, ಅವರು ಹೇಳುವುದು ಕೊಳವೆಯ ಸುದ್ದಿ, ನೆಲದ್ದಲ್ಲ. ಆದ್ದರಿಂದ ನಿಂತ ನೀರನ್ನು ಮೊದಲು ಹೊರಹಾಕಬೇಕು. ಕೊಳವೆಯಲ್ಲಿ ಎಷ್ಟು ನೀರಿದೆಯೋ ಅದರ ಮೂರು ಪಟ್ಟು ಎಂಬುದು ರೂಢಿಯ ಲೆಕ್ಕ. ಆರು ಇಂಚಿನ ಕೊಳವೆಯಲ್ಲಿ ಒಂದು ಮೀಟರ್ ಎತ್ತರಕ್ಕೆ ಸುಮಾರು ಹದಿನೆಂಟು ಲೀಟರ್ ನೀರು. ಅರವತ್ತು ಮೀಟರ್ ಆಳದ ಬೋರಿನಲ್ಲಿ ನೀರು ಹನ್ನೆರಡು ಮೀಟರಿಗೆ ಸಿಕ್ಕರೆ ನಿಂತದ್ದು ನಲವತ್ತೆಂಟು ಮೀಟರ್, ಎಂಟುನೂರೈವತ್ತು ಲೀಟರಿನಷ್ಟು. ಮೂರು ಪಟ್ಟು ಎಂದರೆ ಎರಡೂವರೆ ಸಾವಿರ ಲೀಟರ್ ದಾಟುತ್ತದೆ. ಜನರೇಟರ್ ಹೊತ್ತೊಯ್ದು ಪಂಪು ಇಳಿಸಿದರೆ ಸುಲಭ. ಕೈಪಂಪು ಬಿಡದೆ ಹೊಡೆದರೆ ನಿಮಿಷಕ್ಕೆ ಹನ್ನೆರಡು ಲೀಟರಿನ ಸುಮಾರು ಬರುತ್ತದೆ. ಮೂರೂವರೆ ತಾಸು ಹೊಡೆಯಬೇಕು. ಇಡೀ ಊರು ಮುಂಜಾನೆಯಿಂದ ಹೊಡೆಯುತ್ತಲೇ ಇರುವ ಬೋರಿಂಗಿಗೆ ಅಷ್ಟು ಬೇಕಾಗಿಲ್ಲ, ಅಲ್ಲಿ ನೀರು ನಿಲ್ಲುವುದೇ ಇಲ್ಲ. ಬಿಟ್ಟುಬಿಟ್ಟ ಬೋರಿಂಗಿಗೆ ಬೇಕು.

ಬರದ ಮೇ ತಿಂಗಳಲ್ಲಿ ಹೀಗೆ ನೀರು ಹೊರಹಾಕುವುದು ಎಷ್ಟು ಕಷ್ಟ ಎಂದು ಪುಸ್ತಕದಲ್ಲಿ ಬರೆದಿರುವುದಿಲ್ಲ. ಶಹಾಪುರದ ಹತ್ತಿರದ ಊರೊಂದರಲ್ಲಿ ಮುದುಕಿಯೊಬ್ಬಳು ಕೊಡ ಸೊಂಟದ ಮೇಲಿಟ್ಟುಕೊಂಡೇ ಕೇಳಿದ್ದಳು: “ಏನ್ರೀ ಸಾಹೇಬ್ರ, ನಾವು ಕುಡಿಲಿಕ್ಕ ನೀರಿಲ್ಲಂತ ಕುಂತೀವಿ, ನೀವು ನೆಲಕ್ಕ ಚೆಲ್ಲಲತ್ತೀರಿ?”

“ಯವ್ವಾ, ಇದು ಪೈಪಿನಾಗ ನಿಂತ ನೀರದ. ಕಲ್ಲಾಗಿನ ನೀರು ಬರೋಕಿಂತ ಮೊದ್ಲ ತುಂಬಿದ್ರ ಲೆಕ್ಕ ಸುಳ್ಳಾಗ್ತದ.”

“ದನಕ್ಕರ ಆಗ್ತದಿಲ್ಲ?”

ಆಗುತ್ತದೆ. ಅಂದಿನಿಂದ ನಮ್ಮ ತಂಡ ಪಂಪು ಇಳಿಸುವ ಮೊದಲು ಊರವರಿಗೆ ಹೇಳಿ ದನದ ಬಾನಿಗಳನ್ನು ಸಾಲಾಗಿ ಇಡಿಸುತ್ತಿತ್ತು. ಇದು ಯಾವ ಕೈಪಿಡಿಯಲ್ಲೂ ಇಲ್ಲದ ನಿಯಮ. ಇರಬೇಕಾದ ನಿಯಮ.

ನೀರು ಹೊರಹೋಗುವಾಗ ಸುಮ್ಮನೆ ಕೂಡುವ ಹಾಗಿಲ್ಲ. ಐದೈದು ನಿಮಿಷಕ್ಕೊಮ್ಮೆ ಉಷ್ಣತೆ, ಪಿಎಚ್, ವಿದ್ಯುತ್ ವಾಹಕತೆ ನೋಡಬೇಕು. ಸತತ ಮೂರು ಸಲ ಅಂಕಿ ಅಲುಗದೆ ನಿಂತರೆ ನೆಲದ ನೀರು ಬಂತೆಂದು ತಿಳಿಯಬೇಕು. ಆಗ ಬಾಟಲಿಯನ್ನು ಅದೇ ನೀರಿನಲ್ಲಿ ಎರಡು ಮೂರು ಸಲ ತೊಳೆದು, ಗಾಳಿಗುಳ್ಳೆ ಉಳಿಯದ ಹಾಗೆ ಕಂಠಮಟ್ಟ ತುಂಬಿ ಬಿರಡೆ ಹಾಕಬೇಕು. ಸುಣ್ಣ, ಉಪ್ಪು, ಫ್ಲೋರೈಡುಗಳ ಲೆಕ್ಕಕ್ಕೆ ಈ ಬಾಟಲಿ ಸಾಕು. ನೈಟ್ರೇಟಿಗೆ ಐಸ್ ಡಬ್ಬಿ ಬೇಕು. ಲೋಹಗಳಿಗೆ ಮಾತ್ರ ಇನ್ನೊಂದು ಬಾಟಲಿ: ಸೂಕ್ಷ್ಮ ಜಾಳಿಗೆಯಲ್ಲಿ ಸೋಸಿ, ಶುದ್ಧ ನೈಟ್ರಿಕ್ ಆಮ್ಲದ ಹನಿ ಬಿಟ್ಟು ಪಿಎಚ್ ಎರಡಕ್ಕಿಂತ ಕೆಳಗಿಳಿಸಬೇಕು. ಇಲ್ಲದಿದ್ದರೆ ದಾರಿಯಲ್ಲೇ ಕಬ್ಬಿಣ ತುಕ್ಕಾಗಿ ತಳಕ್ಕೆ ಕೂಡುತ್ತದೆ, ನೀರಿನಲ್ಲಿ ಆರ್ಸೆನಿಕ್ ಇದ್ದರೆ ಅದೂ ಆ ಕೆಂಪಿಗೆ ಅಂಟಿಕೊಂಡು ಕೂಡುತ್ತದೆ. ಮೇಲಿನ ತಿಳಿನೀರು ಪರೀಕ್ಷಿಸಿದವರಿಗೆ ವಿಷ ಕಡಿಮೆ ಕಾಣುತ್ತದೆ, ಅಥವಾ ಕಾಣುವುದೇ ಇಲ್ಲ.

ಆ ಎರಡನೆಯ ಬಾಟಲಿ ಬಹಳ ವರ್ಷ ನಮ್ಮ ಡಬ್ಬಿಯಲ್ಲಿ ಇರಲಿಲ್ಲ. ಎಲ್ಲ ಕಡೆಯೂ ಹಾಗೇ ಇತ್ತು. ವಾಡಿಕೆಯ ಪಟ್ಟಿಯಲ್ಲಿದ್ದದ್ದು ಗಡಸುತನ, ಕ್ಲೋರೈಡ್, ಸಲ್ಫೇಟ್, ನೈಟ್ರೇಟ್, ಫ್ಲೋರೈಡ್ ಮೊದಲಾದವು. ಫ್ಲೋರೈಡಿನ ಮೇಲೆ ನಮ್ಮೆಲ್ಲರ ಕಣ್ಣಿತ್ತು, ಇರಲೇಬೇಕಿತ್ತು. ಹಲ್ಲು ಕಂದಿದ ಮಕ್ಕಳು ಊರೂರಲ್ಲಿ ಕಾಣುತ್ತಿದ್ದರು. 1982ರಲ್ಲಿ ನಾರಾಯಣಪುರದ ಬಸವಸಾಗರ ಮುಗಿದು ಎಡದಂಡೆ ಕಾಲುವೆ ಸುರಪುರ, ಶಹಾಪುರಗಳಿಗೆ ಬಂದ ಮೇಲೆ ಕಾಲುವೆಯ ಕೆಳಗಿನ ಎರೆಭೂಮಿಯಲ್ಲಿ ನೀರು ಮೇಲೇರಿತು, ಅಲ್ಲಲ್ಲಿ ಹೊಲ ಜವಳಾಗಿ ಉಪ್ಪೆದ್ದಿತು, ಗೊಬ್ಬರದ ನೈಟ್ರೇಟ್ ಬಾವಿಗಿಳಿಯಿತು. ಅದನ್ನೂ ಅಳೆಯುತ್ತಿದ್ದೆವು. ಆರ್ಸೆನಿಕ್ ಎಂದರೆ ಬಂಗಾಳದ ಪಿಡುಗು. ಅಲ್ಲಿ 1983ರಲ್ಲಿ ಡಾ. ಕೆ.ಸಿ. ಸಾಹಾ ಅವರು ಚರ್ಮದ ಕಲೆಗಳನ್ನು ನೋಡಿ ಅದನ್ನು ಗುರುತಿಸಿದ್ದರು. ಗಂಗೆಯ ಮೆಕ್ಕಲು ಮಣ್ಣಿನ ಆ ಕೇಡು ನಮ್ಮ ಕಗ್ಗಲ್ಲಿನಲ್ಲಿ ಎಲ್ಲಿಂದ ಬಂದೀತು ಎಂದೇ ತಿಳಿದವರ ಎಣಿಕೆಯಾಗಿತ್ತು.

ಬಂದದ್ದು ಬಂಗಾರದ ಜೊತೆ. ಸುರಪುರ ತಾಲ್ಲೂಕಿನಲ್ಲೊಂದು ಮಂಗಳೂರು ಇದೆ. ಕಡಲತೀರದ್ದಲ್ಲ. ಅದರ ಹಸಿರುಗಲ್ಲಿನ ಪಟ್ಟಿಯಲ್ಲಿ ಪ್ರಾಚೀನರೂ ಬ್ರಿಟಿಷರ ಕಾಲದ ಕಂಪನಿಯವರೂ ಬಂಗಾರ ಅಗೆದರು, ಕಳೆದ ಶತಮಾನದ ಕೊನೆಯ ಭಾಗದಲ್ಲಿ ಮತ್ತೊಮ್ಮೆ ಗಣಿ ನಡೆದು ನಿಂತಿತು. ಇಂಥ ಕಲ್ಲಿನಲ್ಲಿ ಬಂಗಾರದ ಮಗ್ಗುಲಲ್ಲೇ ಆರ್ಸೆನೊಪೈರೈಟ್ ಎಂಬ ಖನಿಜವಿರುತ್ತದೆ. ಕಬ್ಬಿಣ, ಆರ್ಸೆನಿಕ್, ಗಂಧಕ ಮೂರೂ ಸೇರಿದ್ದು. ಆಳದಲ್ಲಿ ಅದು ತಣ್ಣಗಿರುತ್ತದೆ. ಅಗೆದು ಪುಡಿ ಮಾಡಿ ಗಾಳಿಗೆ ಒಡ್ಡಿದರೆ, ಅಥವಾ ಬಿರುಕಿನಲ್ಲಿ ಗಾಳಿ ಬೆರೆತ ನೀರು ಹರಿದರೆ, ಅದು ಕರಗಿ ನೀರಿಗೆ ಸೇರುತ್ತದೆ.

ಗಣಿಯ ಸಮೀಪದ ಕಿರದಳ್ಳಿ ತಾಂಡಾದ ಜನರ ಅಂಗೈ, ಅಂಗಾಲು ಒರಟಾಗಿ ಗಂಟುಗಟ್ಟುತ್ತಿದ್ದವು, ಎದೆಬೆನ್ನಿನ ಮೇಲೆ ಮಳೆಹನಿ ಬಿದ್ದಂತೆ ಚುಕ್ಕೆಗಳು. ಜಾದವಪುರ ವಿಶ್ವವಿದ್ಯಾಲಯದ ದೀಪಂಕರ ಚಕ್ರವರ್ತಿ ಅವರು ಬಂಗಾಳದಲ್ಲಿ ಇದೇ ಕೆಲಸದಲ್ಲಿ ಆಯುಷ್ಯ ಸವೆಸಿದವರು. ಅವರೂ ಸಂಗಡಿಗರೂ ಇಲ್ಲಿಗೆ ಬಂದು ಮಾಡಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. 59 ಕೊಳವೆಬಾವಿಗಳ ನೀರಿನಲ್ಲಿ ಶೇ. 79ರಷ್ಟು ಲೀಟರಿಗೆ 10 ಮೈಕ್ರೋಗ್ರಾಂ ಆರ್ಸೆನಿಕ್ ಎಂಬ ಮಿತಿ ಮೀರಿದ್ದವು. ಒಂದರಲ್ಲಿ 303. ಪರೀಕ್ಷಿಸಿದ 181 ಜನರಲ್ಲಿ ಶೇ. 58.6ರಷ್ಟು ಮಂದಿಯ ಚರ್ಮದ ಮೇಲೆ ಆರ್ಸೆನಿಕ್ಕಿನ ಗುರುತು. ಕೂದಲು, ಉಗುರು ಕೊಟ್ಟ 171 ಜನರಲ್ಲಿ ಒಬ್ಬರದೂ ಸರಿಯಿರಲಿಲ್ಲ. ಮೇಲ್ಮಣ್ಣಿನ 12 ಮಾದರಿಗಳಲ್ಲಿ ಆರರಲ್ಲಿ ಕಿಲೋಗೆ 2000 ಮಿಲಿಗ್ರಾಂ ಮೀರಿತ್ತು. ಗಣಿಯ ಪುಡಿಯನ್ನು ಹೊಲಕ್ಕೆ ಹಾಕಿದ್ದರಿಂದ ಇರಬಹುದು ಎಂದು ಅವರು ಬರೆದರು.

ಈ ಅಂಕಿಗಳನ್ನು ಮೊದಲು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾರುಹುಣ್ಣಿನಿಂದ ಬಿಡಿಸಿಕೊಳ್ಳಲೆಂದು ಪಾವಟಿಗೆ ಬಿಟ್ಟು ಬೋರಿಂಗಿಗೆ ಬಂದ ಜನ ಇವರು. ಅರಿವೆಯಲ್ಲಿ ಸೋಸಿದರೆ ಸೈಕ್ಲಾಪ್ಸ್ ನಿಲ್ಲುತ್ತಿತ್ತು. ಆರ್ಸೆನಿಕ್ ಯಾವ ಅರಿವೆಗೂ ನಿಲ್ಲುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ರುಚಿ ಇಲ್ಲ, ವಾಸನೆ ಇಲ್ಲ, ಬಣ್ಣ ಇಲ್ಲ. ಹುಳು ಒಂದು ವರ್ಷಕ್ಕೆ ಹೊರಬಿದ್ದು ತನ್ನನ್ನು ತಾನೇ ತೋರಿಸಿಕೊಳ್ಳುತ್ತಿತ್ತು. ಇದರ ಗುರುತು ಮೈಮೇಲೆ ಕಾಣಲು ಎಷ್ಟೋ ವರ್ಷ ಹಿಡಿಯುತ್ತದೆ. ಇಂಥ ನೀರಿನ ವಿಷಯದಲ್ಲಿ ಜನರ ಕಣ್ಣು, ನಾಲಿಗೆ, ಅನುಭವ ಯಾವುದೂ ನೆರವಿಗೆ ಬರುವುದಿಲ್ಲ. ಸರಿಯಾಗಿ ತುಂಬಿದ, ಆಮ್ಲ ಬಿಟ್ಟ ಆ ಎರಡನೆಯ ಬಾಟಲಿ ಒಂದೇ ಸಾಕ್ಷಿ. ಬಾವಿಯ ದಂಡೆಯ ಮೇಲೆ ಮಾಡುವ ಕೆಲಸವನ್ನು ಕೆಳದರ್ಜೆಯದೆಂದು ಕಾಣುವುದು, ದಿನಗೂಲಿ ಹುಡುಗನ ಕೈಗೆ ಬಾಟಲಿ ಕೊಟ್ಟು ಜೀಪಿನಲ್ಲಿ ಕೂಡುವುದು ನಮ್ಮ ವೃತ್ತಿಯಲ್ಲಿ ಉಂಟು. ಅದನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ. ಪ್ರಯೋಗಾಲಯದ ಯಂತ್ರ ಎಷ್ಟೇ ಬೆಲೆಬಾಳಲಿ, ದಂಡೆಯ ಮೇಲೆ ಕೆಟ್ಟ ಮಾದರಿಯನ್ನು ಅದು ಸರಿಪಡಿಸಲಾರದು.

ಶಹಾಪುರ ತಾಲ್ಲೂಕಿನ ಗೋಗಿಯ ಮಾತೂ ಇದೇ. ಮೊದಲ ಆದಿಲ್‌ಶಾಹಿ ಸುಲ್ತಾನರ ಗೋರಿಗಳಿರುವ ಆ ಊರಿನ ನೆಲದಲ್ಲಿ ಪರಮಾಣು ಖನಿಜ ನಿರ್ದೇಶನಾಲಯದವರು ಯುರೇನಿಯಂ ಗುರುತಿಸಿದ್ದಾರೆ. ಗಣಿ ಬೇಕೋ ಬೇಡವೋ ಎಂಬ ವಾದ ದೊಡ್ಡದು, ಅದಕ್ಕೆ ನಾನಿಲ್ಲಿ ಇಳಿಯುವುದಿಲ್ಲ. ಆದರೆ ಗಣಿಗೂ ಮುಂಚಿನ ನೀರು ಹೇಗಿತ್ತು ಎಂಬ ಲೆಕ್ಕ ವರ್ಷ ವರ್ಷ, ಅದೇ ಬಾವಿಗಳಿಂದ, ಅದೇ ಕ್ರಮದಲ್ಲಿ ಇಡದೆ ಹೋದರೆ ಮುಂದೆ ಯಾರ ವಾದಕ್ಕೂ ಆಧಾರವಿರುವುದಿಲ್ಲ. ಮಂಗಳೂರು ಗಣಿಯ ಸುತ್ತ ಅಂಥ ಲೆಕ್ಕ ಇದ್ದಿದ್ದರೆ ಆರ್ಸೆನಿಕ್ಕಿನಲ್ಲಿ ಕಲ್ಲಿನ ಪಾಲೆಷ್ಟು, ಗಣಿಯ ಪಾಲೆಷ್ಟು ಎಂದು ಇಂದು ಹೇಳಬಹುದಿತ್ತು.

2009ರ ಕೊನೆಗೆ ಯಾದಗಿರಿ ಜಿಲ್ಲೆಯಾಯಿತು. 2011ರಲ್ಲಿ ರಾಜ್ಯಕ್ಕೆ ಅಂತರ್ಜಲ ಕಾಯ್ದೆ ಬಂತು. 2019ರಿಂದ ಜಲಜೀವನ ಮಿಷನ್ನಿನ ನಲ್ಲಿಗಳು ಬರುತ್ತಿವೆ, ಊರಿಗೆ ಐದು ಹೆಣ್ಣುಮಕ್ಕಳಿಗೆ ನೀರು ಪರೀಕ್ಷಿಸುವ ಕಿಟ್ ಕೊಟ್ಟು ಕಲಿಸಬೇಕೆಂಬ ನಿಯಮವಿದೆ. ನಾನು ಈಗ ನಿವೃತ್ತ. ಕರೆದ ಕಡೆ ಹೋಗಿ ಈ ಹೆಣ್ಣುಮಕ್ಕಳ ಜೊತೆ ಕೂಡುತ್ತೇನೆ. ಅವರು ಬಾಟಲಿ ಹಿಡಿಯುವ ರೀತಿ ನೋಡಿದರೆ ಭರವಸೆ ಬರುತ್ತದೆ. ನೀರು ಹೊತ್ತವರಿಗೆ ನೀರಿನ ಬೆಲೆ ಹೇಳಿಕೊಡಬೇಕಾಗಿಲ್ಲ. ಆರ್ಸೆನಿಕ್ಕಿನ ಕಿಟ್ ಬೇರೆ, ನೀರಿನಲ್ಲಿ ಆರ್ಸೆನಿಕ್ ಇದ್ದರೆ ಅದರಲ್ಲಿ ಬಿಳಿಯ ಕಾಗದದ ತುಣುಕು ಹಳದಿಗೋ ಕಂದಿಗೋ ತಿರುಗುತ್ತದೆ. ಅದನ್ನೂ ತೋರಿಸುತ್ತೇನೆ.

ಅವರ ಊರಿನಲ್ಲಿ ನಲ್ಲಿ ಬಂದಮೇಲೆ ಹಳೆಯ ಬೋರಿಂಗ್ ಕಿತ್ತುಹಾಕುವ ಮಾತು ನಡೆದಿರುತ್ತದೆ. ಕೀಳಬೇಡಿ ಎನ್ನುತ್ತೇನೆ. ಕುಡಿಯಲು ಆಗದ ನೀರೆಂದು ಗೊತ್ತಾದರೆ ಕೆಂಪು ಬಣ್ಣ ಬಳಿದು ಹಾಗೇ ಉಳಿಸಿಕೊಳ್ಳಿ, ಅದೇ ನಿಮ್ಮೂರಿನ ವೀಕ್ಷಣಾ ಬಾವಿ. ಮೇ ತಿಂಗಳಲ್ಲೊಮ್ಮೆ ಎಲ್ಲರೂ ಸರದಿ ಹಚ್ಚಿ ಹೊಡೆಯಿರಿ, ಬಿಟ್ಟ ಬೋರಿಂಗಿಗೆ ತಾಸುಗಟ್ಟಲೆ ಹೊಡೆಯಬೇಕಾಗುತ್ತದೆ. ವಿಷದ ನೀರನ್ನು ದನದ ಬಾನಿಗೆ ಬಿಡಬೇಡಿ. ಎರಡು ಬಾಟಲಿ ತುಂಬಿ, ಒಂದಕ್ಕೆ ಇಲಾಖೆಯವರಿಂದಲೇ ಆಮ್ಲ ಹಾಕಿಸಿ. ಚೀಟಿಯ ಮೇಲೆ ತಾರೀಖು, ಬೋರಿಂಗಿನ ಜಾಗ, ಎಷ್ಟು ಹೊತ್ತು ಹೊಡೆದಿರಿ ಎಂಬುದನ್ನು ಬರೆಯಿರಿ. ಬಂದ ಲೆಕ್ಕದ ಒಂದು ಪ್ರತಿಯನ್ನು ಪಂಚಾಯಿತಿಯಲ್ಲಿಡಿ, ಇನ್ನೊಂದನ್ನು ನಿಮ್ಮ ಸಂಘದ ಪೆಟ್ಟಿಗೆಯಲ್ಲೇ ಇಟ್ಟುಕೊಳ್ಳಿ.